ಕೋಲು ಹಿಡಿದವರು ಮೇಲೆ ನೋಡುವಂತಿಲ್ಲ

ಮೊನ್ನೆ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನ ಫೋನು ಕೈಚೆಲ್ಲಿ ಕೂತಿತು. ಹೊಟ್ಟೆ ಬಿರಿಯುವಷ್ಟು ತುಂಬಿದೆ, ಇನ್ನೊಂದು ತುತ್ತೂ ಇಳಿಯುವುದಿಲ್ಲ, ಏನಾದರೂ ತೆಗೆದರೆ ಉಂಟು, ಇಲ್ಲವಾದರೆ ಇಲ್ಲ ಎಂದು ಒಂದೇ ಹಟ. ಮಯೂರ್ ವಿಹಾರದಲ್ಲಿ ಮೆಟ್ರೋ ಹತ್ತಿದ ನನಗೆ ಅಪರೂಪಕ್ಕೆ ಸೀಟು ಬೇರೆ ಸಿಕ್ಕಿತ್ತು. ಸರಿ, ನೋಯ್ಡಾ ಬರುವಷ್ಟರಲ್ಲಿ ಒಂದಿಷ್ಟು ಫೋಟೋ ಅಳಿಸೋಣವೆಂದು ತೆಗೆದು ನೋಡಿದರೆ, ಅಲ್ಲಿ ಏನಿದೆ ಅಂತೀರಿ? ಮದುವೆ ಮುಂಜಿ ಇಲ್ಲ, ಮಗಳ ಹುಟ್ಟುಹಬ್ಬ ಇಲ್ಲ, ಊರಿಗೆ ಹೋದಾಗ ತೆಗೆದ ಒಂದು ಮುಖ ಇಲ್ಲ. ಬರೀ ಮೋಡ. ಬೆಳಗಿನ ಮೋಡ, ಮಧ್ಯಾಹ್ನದ ಮೋಡ, ಆಫೀಸಿನ ಕಿಟಕಿಯ ಗಾಜಿನಾಚೆಯ ಮೋಡ, ಫ್ಲೈಓವರಿನ ಮೇಲೆ ಆಟೋ ನಿಲ್ಲಿಸಿ ಹಿಂದಿನವರ ಹಾರ್ನು ಬೈಗುಳ ಎಲ್ಲ ಕೇಳಿಸಿಕೊಂಡು ತೆಗೆದ ಮೋಡ. ಪಕ್ಕದಲ್ಲಿ ಕೂತಿದ್ದ ಹುಡುಗಿ ಒಮ್ಮೆ ಇಣುಕಿದಳು, ನನ್ನ ಮುಖ ನೋಡಿದಳು, ಸ್ವಲ್ಪ ಆಚೆ ಸರಿದು ಕೂತಳು.

ಒಂದೊಂದಾಗಿ ಅಳಿಸತೊಡಗಿದೆ. ಎಂಥೆಂಥ ಮೋಡಗಳಪ್ಪ ಅವು, ಮೋಡ ನೋಡುವವರ ಗುಂಪೊಂದರಲ್ಲಿ ಬಹುಮಾನ ಗಳಿಸಿದಂಥವು! ಬೆರಳು ತಾಗಿಸಿದ ಕೂಡಲೇ ಹೋದವು. ಕೊನೆಗೆ ಒಂದು ಫೋಟೋ ಉಳಿಯಿತು, ಅದರಲ್ಲಿ ಇರುವುದು ಮೋಡವೇ ಅಲ್ಲ. ಬಿಳಿಯ ಮೇಲೆ ಹಳದಿ ಅಂಚಿನ ಒಂದು ಒದ್ದೆ ಕಲೆ, ಬಲಮೂಲೆಯಲ್ಲಿ ಫ್ಯಾನಿನ ರೆಕ್ಕೆಯ ತುದಿ. ನನ್ನ ಅಕ್ಕ ದಾವಣಗೆರೆಯಿಂದ ಕಳಿಸಿದ ಫೋಟೋ. ಅದನ್ನು ಮಾತ್ರ ಅಳಿಸಲಿಲ್ಲ. ಅದರ ಕಥೆ ಹೇಳಬೇಕೆಂದರೆ ಮೊದಲು ನಿಮ್ಮನ್ನು ನಮ್ಮ ತಾರಸಿಗೆ ಕರೆದುಕೊಂಡು ಹೋಗಬೇಕು. ಬನ್ನಿ, ಮೆಟ್ಟಿಲು ಸ್ವಲ್ಪ ಎತ್ತರ, ನೋಡಿಕೊಂಡು ಹತ್ತಿ.

ದಾವಣಗೆರೆಯಲ್ಲಿ ಆಗ ಹತ್ತಿಯ ಗಾಡಿಗಳು ನಮ್ಮ ಬೀದಿಯಲ್ಲೇ ಹೋಗುತ್ತಿದ್ದವು. ಗಾಡಿ ಹೋದ ಮೇಲೆ ಚೂರುಪಾರು ಅರಳೆ ಗಾಳಿಯಲ್ಲಿ ತೇಲುತ್ತ ಬೇಲಿಗೆ, ಲೈಟು ಕಂಬಕ್ಕೆ, ಅಮ್ಮ ಒಣಹಾಕಿದ ಸೀರೆಗೆ ಅಂಟಿಕೊಳ್ಳುತ್ತಿತ್ತು. ಮಿಲ್ಲಿನಲ್ಲಿ ಮಿಕ್ಕ ಅರಳೆಯನ್ನು ಚಿಮಣಿಯಿಂದ ಮೇಲಕ್ಕೆ ಬಿಡುತ್ತಾರೆ, ಅದೇ ಮೋಡ ಆಗುತ್ತದೆ ಎಂದು ಅಕ್ಕ ನನಗೆ ಹೇಳಿದ್ದಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಜಡೆ ಉದ್ದ, ಮಾತು ಅದಕ್ಕಿಂತ ಉದ್ದ. ನಾನು ನಂಬಿದ್ದೆ. ಶಾಲೆಯಲ್ಲಿ ಮೇಡಂ ನೀರು ಆವಿಯಾಗುವ ಪಾಠ ಮಾಡಿದ ದಿನ ಎದ್ದು ನಿಂತು, 'ಬೇರೆ ಊರುಗಳಲ್ಲಿ ಹಾಗಿರಬಹುದು ಮೇಡಂ, ನಮ್ಮೂರಲ್ಲಿ ಮಿಲ್ಲಿಂದ ಬರ್ತದೆ' ಎಂದು ಹೇಳಿ ಬೆಂಚಿನ ಮೇಲೆ ನಿಂತವಳು ನಾನು.

ಬೇಸಿಗೆ ರಜೆ ಬಂತೆಂದರೆ ಅಮ್ಮನಿಗೆ ಸಂಡಿಗೆಯ ಕಾಲ. ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿದ ಅಕ್ಕಿಹಿಟ್ಟಿನ ಗಂಜಿಯನ್ನು ತಾರಸಿಗೆ ಹೊತ್ತು, ಒದ್ದೆ ಪಂಚೆ ಹಾಸಿ, ಚಮಚದಲ್ಲಿ ಸಾಲಾಗಿ ಬಿಟ್ಟು, ಬಿಸಿಲು ನೆತ್ತಿಗೇರುವ ಮುಂಚೆ ಅವಳು ಕೆಳಗೆ ಇಳಿದುಬಿಡುತ್ತಿದ್ದಳು. ಇಳಿಯುವಾಗ ನಮ್ಮಿಬ್ಬರ ಕೈಗೆ ಒಂದು ಬಿದಿರು ಕೋಲು. ತುದಿಗೆ ಹರಿದ ಕೊಡೆಯ ಕರಿಬಟ್ಟೆ ಕಟ್ಟಿರುತ್ತಿತ್ತು. ಅದನ್ನು ಆಡಿಸುತ್ತ ಕಾಗೆ ಕಾಯಬೇಕು. ನೀರಿನ ತೊಟ್ಟಿಯ ಪಕ್ಕದ ಒಂದಿಷ್ಟು ನೆರಳಿನಲ್ಲಿ ಚಾಪೆ ಹಾಸಿಕೊಂಡು ನಾವು ರಾಜ್ಯ ಆಳುತ್ತಿದ್ದೆವು. ಅರ್ಧ ಒಣಗಿದ ಸಂಡಿಗೆಯನ್ನು ಪಂಚೆಯಿಂದ ಮೆಲ್ಲಗೆ ಎಬ್ಬಿಸಿ ಬಾಯಿಗೆ ಹಾಕಿಕೊಂಡವರಿಗೇ ಗೊತ್ತು, ಮೇಲೆ ಗರಿ, ಒಳಗೆ ಮೆತ್ತಗೆ, ನಾಲಿಗೆಗೆ ಹಸಿಮೆಣಸಿನ ಚುರುಕು! ಕರಿದ ಸಂಡಿಗೆಗೆ ಆ ರುಚಿ ಎಲ್ಲಿಂದ ಬರಬೇಕು. ಸಾಲಿನಲ್ಲಿ ಜಾಗ ಖಾಲಿ ಕಂಡು ಅಮ್ಮ ಕೇಳಿದರೆ 'ಕಾಗೆ' ಎನ್ನುತ್ತಿದ್ದೆವು. ನಮ್ಮ ಬೀದಿಯ ಕಾಗೆಗಳಿಗೆ ಅಷ್ಟು ಕೆಟ್ಟ ಹೆಸರು ಬರಲು ನಾವೇ ಕಾರಣ.

ಅಲ್ಲಿ ಅಕ್ಕ ಒಂದು ಕಾನೂನು ಮಾಡಿದ್ದಳು. ಒಬ್ಬರು ಕೋಲು ಹಿಡಿದು ಸಂಡಿಗೆ ನೋಡಬೇಕು, ಒಬ್ಬರು ಅಂಗಾತ ಮಲಗಿ ಮೋಡ ನೋಡಬೇಕು. ಕೋಲು ಹಿಡಿದವರು ಮೇಲೆ ನೋಡುವಂತಿಲ್ಲ. ಮಲಗಿದವರು ಮೇಲೆ ಏನೇನು ಹೋಗುತ್ತಿದೆ ಎಂದು ಹೇಳುತ್ತಿರಬೇಕು. ಸರದಿಯ ಪ್ರಕಾರ ಎಂದು ಮಾತಾಗಿತ್ತು, ಆದರೆ ದೊಡ್ಡವಳು ಅವಳಲ್ಲವೇ, ಕೋಲು ಸದಾ ನನ್ನ ಕೈಯಲ್ಲೇ ಇರುತ್ತಿತ್ತು. ನನಗೇನೂ ಬೇಜಾರಿರಲಿಲ್ಲ. ಬಿಳಿ ಪಂಚೆಯ ಮೇಲೆ ಬಿಳಿ ಸಂಡಿಗೆ, ಕಣ್ಣು ಕೋರೈಸುವ ಬಿಸಿಲು, ಎಲ್ಲೋ ಮಿಲ್ಲಿನ ಗುಂಯ್ ಎನ್ನುವ ಸದ್ದು, ಬೆನ್ನ ಹಿಂದೆ ಅಕ್ಕನ ದನಿ. 'ಒಂದು ಒಂಟೆ ಬರ್ತಿದೆ ಕಣೆ. ಮೇಲೆ ಒಬ್ಬ ಅಜ್ಜ ಕೂತಿದಾನೆ. ಅಜ್ಜನ ರುಮಾಲು ಬಿಚ್ಚಿಕೊಳ್ತಿದೆ. ಅಯ್ಯೋ ಅಯ್ಯೋ, ಒಂಟೆ ಕರಗ್ತಿದೆ, ಅಜ್ಜ ಬೀಳ್ತಾನೆ!' ನಾನು ಕೋಲು ಆಡಿಸುತ್ತ, ಸಂಡಿಗೆ ನೋಡುತ್ತ, ಅಜ್ಜ ಬೀಳುವುದನ್ನು ಕಣ್ಣಾರೆ ಕಾಣುತ್ತಿದ್ದೆ.

ಒಂದು ದಿನ ತಡೆಯಲಾಗಲಿಲ್ಲ. ರಾಜನ ಮೆರವಣಿಗೆ ಹೋಗುತ್ತಿದೆ, ಆನೆಗಳ ಮೇಲೆ ಬಿಳಿ ಅಂಬಾರಿ, ಹಿಂದೆ ಬ್ಯಾಂಡಿನವರು ಎಂದು ಅವಳು ಹೇಳುತ್ತಿದ್ದಾಗ ತಟ್ಟನೆ ತಲೆ ಎತ್ತಿಬಿಟ್ಟೆ. ಮೇಲೆ ಏನೂ ಇರಲಿಲ್ಲ. ಒಂದು ಚೂರು ಮೋಡವಿಲ್ಲದ ನೀಲಿ.

'ಎಲ್ಲೇ ಮೆರವಣಿಗೆ?' ಎಂದೆ.

'ಈಗ ತಾನೇ ಮೂಲೆ ತಿರುಗ್ತು,' ಎಂದಳು ಅಕ್ಕ, ರೆಪ್ಪೆ ಕೂಡ ಅಲುಗಿಸದೆ. 'ಕೋಲು ಬಿಟ್ಟು ಮೇಲೆ ನೋಡಿದೆಯಲ್ಲ, ಅದಕ್ಕೇ ಹೋಯ್ತು. ನೋಡಲ್ಲಿ, ಕಾಗೆ!'

ನಿಜವಾಗಿ ಕಾಗೆ ಬಂದಿತ್ತು. ಆ ಒಂದು ಸಲ ನಾವು ಅಮ್ಮನಿಗೆ ಹೇಳಿದ್ದು ಸತ್ಯ, ಅವಳು ನಂಬಲಿಲ್ಲ.

ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲಿ ನನಗೆ ಊರಿನ ನೆನಪು ಎಷ್ಟು ಕಾಡುತ್ತಿತ್ತು ಎಂದರೆ, ತರಕಾರಿ ಭಯ್ಯಾನ ಹತ್ತಿರ ಬದನೆಕಾಯಿಗೆ ಹಿಂದಿಯಲ್ಲಿ ಏನೆನ್ನುತ್ತಾರೆಂದು ಗೊತ್ತಾಗದೆ ಕಣ್ಣಲ್ಲಿ ನೀರು ಹಾಕಿಕೊಂಡು ಬರಿಗೈಯಲ್ಲಿ ವಾಪಸು ಬಂದಿದ್ದೆ. ಅಕ್ಕನಿಗೆ ಫೋನ್ ಮಾಡಿ ಅತ್ತರೆ ಅವಳು ಸಮಾಧಾನವನ್ನೇನೂ ಹೇಳಲಿಲ್ಲ. 'ನಿಮ್ಮ ಮನೆಗೆ ತಾರಸಿ ಇದೆಯಾ?' ಎಂದಳು. ಇದೆ ಎಂದೆ. 'ಹಾಗಾದ್ರೆ ಮೇಲೆ ಹೋಗಿ ಮಲಗು. ಆಕಾಶ ಏನೂ ಹಿಂದಿ ಮಾತಾಡಲ್ಲ. ನಾನೂ ಇಲ್ಲಿ ಮೇಲೆ ಹೋಗ್ತೀನಿ. ನಿನ್ನ ಕಡೆ ಏನು ಬಂತು ಹೇಳು, ನನ್ನ ಕಡೆದು ನಾನು ಹೇಳ್ತೀನಿ.'

ಅಂದಿನಿಂದ ಭಾನುವಾರ ಸಂಜೆ ಎಂದರೆ ನಮ್ಮ ಮೋಡದ ಹೊತ್ತು. ನಮ್ಮ ಸೊಸೈಟಿಯ ಗಾರ್ಡ್ ಭಯ್ಯಾ ತಾರಸಿಯ ಬೀಗದ ಕೈ ಕೊಡುವಾಗ ಮೊದಮೊದಲು ಅನುಮಾನದಿಂದ ನೋಡುತ್ತಿದ್ದ. ಒಣಹಾಕಲು ಬಟ್ಟೆ ಇಲ್ಲ, ಉಪ್ಪಿನಕಾಯಿ ಭರಣಿ ಇಲ್ಲ, ಬರಿಯ ಒಂದು ಚಾಪೆ ಹಿಡಿದು ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ. 'ಬಾದಲ್ ದೇಖ್ನಾ ಹೈ, ಭಯ್ಯಾ' ಎಂದೆ, ಮೋಡ ನೋಡಬೇಕು ಎಂದು. 'ಅಚ್ಛಾ' ಎಂದ. ಆ ಅಚ್ಛಾದಲ್ಲಿ ದಕ್ಷಿಣದವರ ಬಗ್ಗೆ ಅವನಿಗಿದ್ದ ಎಲ್ಲ ಅಭಿಪ್ರಾಯವೂ ಇತ್ತು.

ಮಲಗಿದರೆ ಡಿಶ್ ಆಂಟೆನಾಗಳು, ಕರಿ ಟ್ಯಾಂಕುಗಳು ಎಲ್ಲ ಕಣ್ಣಂಚಿಗೆ ಸರಿದು ಹೋಗುತ್ತವೆ. ಯಮುನೆಯ ಕಡೆಯಿಂದ ಗಾಳಿ. ಕೆಳಗೆ ಯಾರೋ ಮಗುವನ್ನು ಕರೆಯುವುದು, ಕುಕ್ಕರಿನ ಸೀಟಿ, ದೂರದಲ್ಲಿ ಮೆಟ್ರೋ ತಿರುವಿನಲ್ಲಿ ಹೋಗುವ ಉದ್ದನೆಯ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಬೆನ್ನಿನ ಕೆಳಗೆ ಸಿಮೆಂಟು ಇದೆಯೆನ್ನುವುದೇ ಮರೆತು, ನಾನೇ ತೇಲುತ್ತಿದ್ದೇನೋ ಮೋಡ ತೇಲುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಿವಿಯಲ್ಲಿ ಅಕ್ಕ. 'ಇಲ್ಲಿ ಒಬ್ಬಳು ನೀರು ತರ್ತಿದಾಳೆ. ಕೊಡ ಸೊಂಟದ ಮೇಲಿದೆ, ಸೊಂಟವೇ ಇಲ್ಲ.' 'ಇಲ್ಲಿ ಎರಡು ಕರು ಮುಖ ಮುಖ ನೆಕ್ಕಿಕೊಳ್ತಿವೆ ಅಕ್ಕ.' 'ಬಿಡಿಸ್ಬೇಡ, ಹಾಗೇ ಇರ್ಲಿ.' ಒಮ್ಮೊಮ್ಮೆ ಇಬ್ಬರೂ ಮಾತೇ ಆಡುತ್ತಿರಲಿಲ್ಲ. ಫೋನಿನಲ್ಲಿ ಬರೀ ಅವಳ ಉಸಿರು, ನನ್ನ ಉಸಿರು. ವರ್ಷಗಳು ಹೀಗೇ ಹೋದವು. ಮಗಳು ಹುಟ್ಟಿದಳು, ಬೆಳೆದಳು, ನನ್ನ ಪಕ್ಕದಲ್ಲಿ ಒಂದೆರಡು ಸಲ ಮಲಗಿ ನೋಡಿ, 'ಅಮ್ಮಾ, ಬಾದಲ್ ಹೀ ತೋ ಹೈ', ಬರೀ ಮೋಡ ತಾನೇ, ಎಂದು ಎದ್ದು ಹೋದಳು. ಅಕ್ಕನಿಗೂ ಮಕ್ಕಳ ಮದುವೆಗಳಾದವು. ಭಾವನಿಗೆ ಮಂಡಿನೋವು ಶುರುವಾಗಿ, ಮೆಟ್ಟಿಲು ಹತ್ತಲಾಗದೆ, ಬೇರೆ ಬಡಾವಣೆಯಲ್ಲಿ ಕೆಳಗಿನ ಮನೆಯೊಂದಕ್ಕೆ ಬಾಡಿಗೆಗೆ ಹೋದರು. ಮನೆ ಬದಲಾದರೂ ನಮ್ಮ ಭಾನುವಾರ ಬದಲಾಗಲಿಲ್ಲ.

ಇಷ್ಟು ಸುಖವಾಗಿದ್ದವಳಿಗೆ ಫೋನಿನಲ್ಲಿ ಗುಂಪೊಂದು ಬೇಕಿತ್ತೇ? ಕೇಳಬೇಡಿ. ನನ್ನಂತೆಯೇ ಮೋಡ ನೋಡುವವರು ಇನ್ನೂ ಇದ್ದಾರೆ, ಅದೂ ಕನ್ನಡದವರು, ಅದೂ ದೆಹಲಿಯ ಸುತ್ತಮುತ್ತಲಿನವರು ಎಂದು ಆಫೀಸಿನ ಗೆಳತಿಯೊಬ್ಬಳು ಹೇಳಿದಾಗ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಗುಂಪಿನ ಹೆಸರು ಮುಗಿಲು ಬಳಗ. ಅಡ್ಮಿನ್ ಘಾಜಿಯಾಬಾದಿನಲ್ಲಿ ಒಂದು ಕಟ್ಟಡದ ಹದಿನೆಂಟನೇ ಮಹಡಿಯಲ್ಲಿ ಇರುವ ಐಟಿ ಹುಡುಗ, ನಾವೆಲ್ಲ ಅವರನ್ನು ಮಹಡಿ ಸರ್ ಎನ್ನುತ್ತಿದ್ದೆವು. ತಪ್ಪು ತಿದ್ದಲು ಪೀತಮ್‌ಪುರದಲ್ಲಿ ಒಬ್ಬರು ಪ್ರೊಫೆಸರ್ ಮೇಡಂ. ಸೇರಿದ ದಿನವೇ ಉತ್ಸಾಹದಿಂದ ಒಂದು ಫೋಟೋ ಹಾಕಿ, 'ನೋಡಿ, ತೊಟ್ಟಿಲು ತೂಗುವ ಅಜ್ಜಿ' ಎಂದು ಬರೆದೆ. ಕ್ಷಣದಲ್ಲಿ ಮೇಡಂ ಉತ್ತರ ಬಂತು. 'ಸ್ವಾಗತ. ದಯವಿಟ್ಟು ನಿಯಮ ಓದಿ. ಹೋಲಿಕೆಗೆ ಅವಕಾಶವಿಲ್ಲ. ಮೋಡದ ಜಾತಿ, ಎತ್ತರ, ದಿಕ್ಕು, ಸಮಯ ಕಡ್ಡಾಯ.'

ನನಗೆ ಅವಮಾನವಾಯಿತು. ಅವಮಾನವಾದಾಗ ಎದ್ದು ಬರಬೇಕು, ನಾನು ಕೂತು ಓದತೊಡಗಿದೆ. ಕ್ಯುಮುಲಸ್ ಯಾವುದು, ಸಿರಸ್ ಯಾವುದು, ಆಲ್ಟೋ ಎಂದರೆ ಎಷ್ಟು ಮೇಲೆ, ಎಲ್ಲ ಬಾಯಿಪಾಠ. ದಿನಕ್ಕೊಂದು ಮೋಡ ಹಾಕಿದರೆ ಹೆಸರಿನ ಮುಂದೆ ಒಂದು ಚುಕ್ಕಿ. ಒಂದು ದಿನ ತಪ್ಪಿದರೆ ಎಲ್ಲ ಚುಕ್ಕಿ ಹೋಗಿ ಮತ್ತೆ ಮೊದಲಿಂದ. ವಾರಕ್ಕೊಮ್ಮೆ 'ವಾರದ ಮುಗಿಲು' ಆಯ್ಕೆ. ದೆಹಲಿಯ ಮೇ ತಿಂಗಳಲ್ಲಿ ಮೋಡಕ್ಕೆ ಎಲ್ಲಿಗೆ ಹೋಗಲಿ ಹೇಳಿ? ಧೂಳಿನ ಬಣ್ಣದ ಆಕಾಶವನ್ನು ಬೆಳಗಿನಿಂದ ದುರುಗುಟ್ಟಿ ನೋಡುತ್ತ, ಒಂದು ಎಳೆ ಬಿಳಿ ಕಂಡರೆ ಅನ್ನದ ತಟ್ಟೆ ಬಿಟ್ಟು ಓಡುತ್ತಿದ್ದೆ. ಆಫೀಸಿನ ಮೀಟಿಂಗಿನಲ್ಲಿ ನಮ್ಮ ಬಾಸ್ ಲೆಕ್ಕ ತೋರಿಸುತ್ತಿದ್ದರೆ ನನ್ನ ಕಣ್ಣು ಅವರ ಹೆಗಲಿನಾಚೆಯ ಕಿಟಕಿಯಲ್ಲಿ. ಅಲ್ಲೊಂದು ಮೋಡ ಕಮ್ಮಾರನ ಅಡಿಗಲ್ಲಿನ ಹಾಗೆ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತಿತ್ತು, ಅಂಥದ್ದಕ್ಕೆ ಎರಡು ಚುಕ್ಕಿ. ಹೊಟ್ಟೆ ಹಿಡಿದುಕೊಂಡು ಎದ್ದು ಹೊರಗೆ ಓಡಿದೆ. ಬಾಸ್ ಮಾರನೆಯ ದಿನ ಮೆಲ್ಲಗೆ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರು. 'ಗ್ಯಾಸು ಸರ್' ಎಂದೆ. ಅಷ್ಟೇನೂ ಸುಳ್ಳಲ್ಲ ಎಂದು ಮನೆಯವರು ಈಗಲೂ ನಗುತ್ತಾರೆ.

ಒಮ್ಮೆ ಗುಂಪಿನವರೆಲ್ಲ ಭೇಟಿಯಾಗೋಣವೆಂದು ಒಂದು ದೊಡ್ಡ ಪಾರ್ಕಿಗೆ ಹೋದೆವು. ಚಿತ್ರಾನ್ನ, ಮೊಸರನ್ನ, ಚಕ್ಕುಲಿ ಎಲ್ಲ ಬಂದಿತ್ತು. ಮೋಡವೂ ಬಂದಿತ್ತು, ಎಂಥ ಮೋಡ, ಹಿಂಜಿದ ಅರಳೆ! ಎಲ್ಲರೂ ನಿಂತುಕೊಂಡೇ ಒಬ್ಬರಿಗೊಬ್ಬರು ಬೆನ್ನು ಹಾಕಿ ಫೋನು ಎತ್ತಿದರು. ನಾನು ಚಾಪೆ ತಂದಿದ್ದೆ. ಹಾಸಿ, ಮಲಗೋಣವೇ ಎಂದೆ. 'ಮಲಗಿದರೆ ದಿಕ್ಕು ಸರಿ ಸಿಗಲ್ಲ ಮೇಡಂ' ಎಂದರು ಮಹಡಿ ಸರ್. ಪಾಪ, ಒಳ್ಳೆಯ ಹುಡುಗ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಅಷ್ಟು ಎತ್ತರದ ಬಾಲ್ಕನಿಯಲ್ಲಿ ಬೆಳಗಾದರೆ ಎದ್ದು ನಿಲ್ಲಲೇಬೇಕಂತೆ, ಇಲ್ಲವಾದರೆ ಆ ಮಹಡಿಯಲ್ಲಿದ್ದೂ ಮೋಡ ತಪ್ಪಿಸಿಕೊಂಡಿರಾ ಎಂದು ಗುಂಪಿನವರು ಕೇಳುತ್ತಾರಂತೆ. ಚಾಪೆಯ ಮೇಲೆ ಕೊನೆಗೆ ಮೊಸರನ್ನದ ಡಬ್ಬಿ ಇಟ್ಟೆವು.

ಇತ್ತ ಭಾನುವಾರದ ಮಾತೂ ಕೆಟ್ಟಿತು. ಅಕ್ಕ, 'ಒಂದು ಎಮ್ಮೆ ಬಂದಿದೆ ಕಣೆ, ಕೊಂಬು ಒಂದೇ' ಎಂದರೆ ನಾನು, 'ಅಡಿ ಚಪ್ಪಟೆ ಇದೆಯಾ ಅಕ್ಕ? ಎತ್ತರ ಎಷ್ಟಿರಬಹುದು?' ಎನ್ನುತ್ತಿದ್ದೆ.

'ಎಮ್ಮೆ ಎಷ್ಟು ಎತ್ತರ ಇರ್ತದೋ ಅಷ್ಟೇ ಇದೆಯಮ್ಮ,' ಎನ್ನುವಳು ಅಕ್ಕ.

'ಹಾಗಲ್ಲ, ಅದಕ್ಕೆ ಒಂದು ಹೆಸರಿರ್ತದೆ.'

'ಗೌರಿ ಅಂತ ಇಡು.'

ಅಕ್ಕನನ್ನೂ ಗುಂಪಿಗೆ ಸೇರಿಸಬೇಕೆಂದು ನನಗೆ ಯಾಕೆ ಅನ್ನಿಸಿತೋ! ಅವಳ ಮಾತು ಕೇಳಿದರೆ ಅವರೆಲ್ಲ ಬೆರಗಾಗುತ್ತಾರೆ ಅಂದುಕೊಂಡೆನೋ, ದಾವಣಗೆರೆಯ ಆಕಾಶವೂ ಬಂದರೆ ನನಗೆ ಒಂದು ಚುಕ್ಕಿ ಹೆಚ್ಚು ಅಂದುಕೊಂಡೆನೋ. ಅವಳು ಬೇಡ ಬೇಡ ಎಂದಳು. ಸೇರಿಸಿದೆ. ಸೇರಿಸಿದ ಮೇಲೆ ಸುಮ್ಮನೆ ಬಿಡುತ್ತಾರೆಯೇ? 'ದಾವಣಗೆರೆ ಸದಸ್ಯೆಯಿಂದ ಇನ್ನೂ ಒಂದೂ ಮೋಡ ಬಂದಿಲ್ಲ' ಎಂದು ದಿನಾ ಜ್ಞಾಪನೆ. ನಾನು ಅಕ್ಕನಿಗೆ ಫೋನ್ ಮಾಡಿದೆ. 'ಒಂದು ಹಾಕೇ ಅಕ್ಕ. ದಿನಾ ನೋಡ್ತೀಯಲ್ಲ, ಒಂದು ಕ್ಲಿಕ್ ಅಷ್ಟೇ. ನನ್ನ ಮರ್ಯಾದೆ ಪ್ರಶ್ನೆ.' ಕೊನೆಗೆ, 'ಆಯ್ತು, ನೋಡ್ತೀನಿ' ಎಂದಳು.

ಮಾರನೆಯ ದಿನ ಅವಳ ಫೋಟೋ ಬಂತು. ಬಿಳಿ ಹಿನ್ನೆಲೆ, ಹಬ್ಬಿಕೊಂಡ ಬೂದು ಬಿಳಿ, ಅಂಚಿನಲ್ಲಿ ಹಳದಿ. ಗುಂಪು ನಿಬ್ಬೆರಗಾಯಿತು. ಮೇಡಂ ಉದ್ದವಾಗಿ ಬರೆದರು: ಎತ್ತರದ ಪದರ ಮೋಡ, ಅಂಚಿನ ಬಣ್ಣ ಅಪರೂಪ. ಯಾರೋ ಅಭಿನಂದನೆ ಹೇಳಿದರು, ನಾನು ಅಭಿಮಾನದಿಂದ ಬೀಗಿ ಊಟದ ಹೊತ್ತಿನಲ್ಲಿ ಮನೆಯವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, 'ಮೂಲೆಯಲ್ಲಿರೋದು ಏನೇ ಅದು?' ಎಂದರು. ಅಷ್ಟರಲ್ಲಿ ಗುಂಪಿನಲ್ಲೂ ಒಬ್ಬರು ಅದನ್ನೇ ದೊಡ್ಡದು ಮಾಡಿ, ಕೆಂಪು ಗೆರೆಯಿಂದ ಸುತ್ತು ಹಾಕಿ ಕಳಿಸಿದರು. 'ಇದು ಫ್ಯಾನಿನ ರೆಕ್ಕೆಯಲ್ಲವೇ?'

ಆಮೇಲೆ ನೋಡಬೇಕಿತ್ತು. ನಗುವ ಮುಖಗಳು ಸಾಲುಸಾಲಾಗಿ ಇಳಿದವು. 'ಮನೆಯೊಳಗೇ ಮಳೆ ಬರುತ್ತದೆಯೇ ಮೇಡಂ?' 'ಚುಕ್ಕಿಗಾಗಿ ಏನೆಲ್ಲ ಮಾಡುತ್ತಾರಪ್ಪ!' ಪ್ರೊಫೆಸರ್ ಮೇಡಂ, ಇದು ಇಡೀ ಬಳಗಕ್ಕೆ ಮಾಡಿದ ಮೋಸ, ಸೇರಿಸಿದವರು ವಿವರಣೆ ಕೊಡಬೇಕು ಎಂದರು. ಸೇರಿಸಿದವಳು ನಾನು. ಗಡಿಬಿಡಿಯಲ್ಲಿ ಬರೆದೆ: 'ದಯವಿಟ್ಟು ಕ್ಷಮಿಸಿ. ಅವರು ನನ್ನ ಅಕ್ಕ. ವಯಸ್ಸಾಗಿದೆ. ಮೋಡದ ಬಗ್ಗೆ ಅವರಿಗೆ ಅಷ್ಟಾಗಿ ಗೊತ್ತಿಲ್ಲ.'

ಅಕ್ಕ ಅದನ್ನು ಓದಿದ್ದಾಳೆ ಎಂದು ಫೋನು ತೋರಿಸಿತು. ಆಮೇಲೆ ಅವಳು ಗುಂಪಿನಿಂದ ಹೊರಗೆ ಹೋದಳು ಎಂದೂ ತೋರಿಸಿತು.

ಮುಂದಿನ ಭಾನುವಾರ ಅವಳು ಎಂದಿನಂತೆ ಫೋನ್ ಎತ್ತಿದಳು. ಜಗಳವಿಲ್ಲ, ಮುನಿಸಿಲ್ಲ. ತೊಗರಿಬೇಳೆಯ ರೇಟು, ಭಾವನ ಮಂಡಿ, ಮೊಮ್ಮಗನ ಹಲ್ಲು. 'ಆಕಾಶ ಹೇಗಿದೆ ಅಕ್ಕ?' ಎಂದೆ. 'ಏನೂ ಇಲ್ಲ ಕಣೆ, ಖಾಲಿ' ಎಂದಳು. ಅದರ ಮುಂದಿನ ವಾರವೂ ಖಾಲಿ. ಅದರಾಚೆಯ ವಾರವೂ. ಆಗ ಮಳೆಗಾಲ. ದಾವಣಗೆರೆಯಲ್ಲಿ ಮೋಡ ಮುಚ್ಚಿಕೊಂಡು ಮೂರು ದಿನದಿಂದ ಬಿಸಿಲಿಲ್ಲ, ಬಟ್ಟೆ ಒಣಗುತ್ತಿಲ್ಲ ಎಂದು ಅವಳೇ ಐದು ನಿಮಿಷದ ಮುಂಚೆ ಹೇಳಿದ್ದಳು. ನನ್ನ ಕಡೆ ಜುಲೈ ತಿಂಗಳ ಮೋಡಗಳು ಯಮುನೆಯ ಮೇಲಿಂದ ಹಿಂಡುಹಿಂಡಾಗಿ ಬಂದವು. ನಾನು ಒಬ್ಬಳೇ ಮಲಗಿ ನೋಡಿದೆ. ಎಲ್ಲದಕ್ಕೂ ಹೆಸರು ಗೊತ್ತಿತ್ತು. ಒಂದಾದರೂ ಒಂಟೆಯಾಗಲಿಲ್ಲ, ಒಬ್ಬ ಅಜ್ಜನೂ ಬೀಳಲಿಲ್ಲ. ಅಳು ಬಂತು ನೋಡಿ, ಈ ವಯಸ್ಸಿನಲ್ಲಿ, ಸೊಸೈಟಿಯ ತಾರಸಿಯ ಮೇಲೆ.

ಒಂದು ಭಾನುವಾರ ಅಕ್ಕನ ಫೋನನ್ನು ಭಾವ ಎತ್ತಿಕೊಂಡರು. 'ನಿಮ್ಮಕ್ಕ ಮಲಗಿದಾಳಮ್ಮ. ನಿದ್ದೆ ಏನಿಲ್ಲ, ಸುಮ್ಮನೆ ಮೇಲೆ ನೋಡ್ತಾ ಮಲಗಿದಾಳೆ.'

'ತಾರಸಿ ಮೇಲಾ ಭಾವ?'

'ತಾರಸಿ ಎಲ್ಲಿ ಬಂತು? ಈ ಮನೆಗೆ ಬಂದಾಗಿನಿಂದ ಅದಕ್ಕೆ ಬೀಗ, ಓನರು ಯಾರಿಗೂ ಕೊಡಲ್ಲ. ಒಳಗೆ, ಮಂಚದ ಮೇಲೆ.' ಸ್ವಲ್ಪ ದನಿ ತಗ್ಗಿಸಿದರು. 'ಮೇಲಿನ ಮನೆಯವರ ಬಚ್ಚಲು ಸೋರಿ ಸೀಲಿಂಗ್ ಎಲ್ಲ ಒದ್ದೆ. ನಾನು ರಿಪೇರಿ ಮಾಡಿಸಿ ಅಂತ ಓನರಿಗೆ ಹೇಳೋಕೆ ಹೊರಟ್ರೆ ಇವಳು ಬಿಡ್ತಿರಲಿಲ್ಲ. ಭಾನುವಾರ ನಿನ್ನ ಹತ್ರ ಮಾತಾಡೋವಾಗ ಬಾಗಿಲು ಹಾಕ್ಕೊಂಡು ಅದನ್ನೇ ನೋಡ್ತಾ ಮಲಗೋಳು. ನಾನು ಒಳಗೆ ಹೋದ್ರೆ, ಹೋಗಿ ಆಚೆ, ಮೋಡ ಚದುರಿಹೋಗ್ತದೆ ಅಂತ ಬೈಯೋಳು. ಈಗ ಬಾಗಿಲೂ ಹಾಕ್ಕೊಳಲ್ಲ, ಬೈಯೋದೂ ಇಲ್ಲ.'

ಫೋನಿಟ್ಟು ಅಲ್ಲೇ ಕೂತೆ. ಎಷ್ಟು ವರ್ಷ! ಆ ಮನೆಗೆ ಹೋದಾಗಿನಿಂದ ನಾನು ಕೇಳಿದ ಒಂಟಿಕೊಂಬಿನ ಎಮ್ಮೆ, ಮದುವೆ ದಿಬ್ಬಣ, ಎಲ್ಲ ಯಾರದೋ ಬಚ್ಚಲಿನ ನೀರಿನಿಂದ ಹುಟ್ಟಿದ್ದವು. ತಂಗಿ ದೂರದ ಊರಲ್ಲಿ ಭಾನುವಾರಕ್ಕೆ ಕಾಯುತ್ತಾಳೆ ಎಂದು ಆಕಾಶವಿಲ್ಲದ ಮನೆಯಲ್ಲಿ ಮಲಗಿ ಅವಳು ನನಗೆ ಆಕಾಶ ಹೇಳುತ್ತಿದ್ದಳು. ಅಂಥವಳಿಗೆ ನಾನು ಫೋಟೋ ಹಾಕು ಎಂದಿದ್ದೆ. ಪಾಪ, ಅವಳ ಹತ್ತಿರ ಏನಿತ್ತೋ ಅದನ್ನೇ ಹಾಕಿದಳು.

ಗುಂಪು ಬಿಟ್ಟೆ. ಅದೇನೂ ದೊಡ್ಡ ವಿಷಯವಲ್ಲ, ಒಂದು ಗುಂಡಿ ಒತ್ತಿದರೆ ಆಯಿತು. ಅಕ್ಕನಿಗೆ ಏನು ಹೇಳುವುದೆಂದು ಮಾತ್ರ ತಿಳಿಯದೆ ದಿನಗಳು ಹೋದವು. ದೀಪಾವಳಿಯೂ ಹೋಯಿತು. ನವೆಂಬರಿನ ಹೊಗೆ ಬಂದು ದೆಹಲಿಯ ಮೇಲೆ ಕೂತಿತು. ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ, ಇನ್ನು ಆಕಾಶ ಎಲ್ಲಿ? ಹೊರಗೆ ಹೋದರೆ ಗಂಟಲು ಉರಿ. ಆ ಭಾನುವಾರ ಸಂಜೆ ಕಿಟಕಿಗಳನ್ನೆಲ್ಲ ಮುಚ್ಚಿ, ಗಾಳಿ ಶುದ್ಧ ಮಾಡುವ ಮೆಷಿನ್ನು ಗುಂಯ್ ಎನ್ನುತ್ತಿದ್ದರೆ, ನನ್ನ ಮಂಚದ ಮೇಲೆ ಅಂಗಾತ ಮಲಗಿ ಅಕ್ಕನಿಗೆ ಫೋನ್ ಮಾಡಿದೆ. ಆ ಗುಂಯ್ ಸದ್ದು ನಮ್ಮೂರಿನ ಮಿಲ್ಲಿನದೇ ಅನ್ನಿಸುತ್ತಿತ್ತು.

'ಎಲ್ಲಿದೀಯೇ, ತಾರಸಿನಾ?' ಎಂದಳು.

'ಇಲ್ಲಕ್ಕ. ಹೊಗೆ. ಮಂಚದ ಮೇಲೆ ಮಲಗಿ ಸೀಲಿಂಗ್ ನೋಡ್ತಿದೀನಿ.'

ಭಾವ ಹೇಳಿದ್ದಾರೆಂದು ಅವಳಿಗೆ ಗೊತ್ತಾಯಿತು. 'ಏನಿದೆ ನಿಮ್ಮ ಸೀಲಿಂಗಲ್ಲಿ?' ಎಂದಳು.

'ಏನೂ ಇಲ್ಲ. ಹಬ್ಬಕ್ಕೆ ಬಣ್ಣ ಹೊಡೆಸಿದೀವಿ.'

'ಅಯ್ಯೋ ಪಾಪ. ನಮ್ಮದೂ ಹೊಡೆಸಿಬಿಟ್ರು ಕಣೆ. ಮೇಲಿನವರ ಪೈಪು ರಿಪೇರಿ ಆಯ್ತು. ಈಗ ಬಟಾಬಯಲು.' ಆಮೇಲೆ ಮೆಲ್ಲಗೆ, 'ಇದ್ದಿದ್ರೂ ಏನು ಬಿಡು. ಮೋಡದ ಬಗ್ಗೆ ನಂಗೆ ಅಷ್ಟಾಗಿ ಗೊತ್ತಿಲ್ಲವಲ್ಲ.'

ಎದ್ದು ಕೂತೆ. ಮಂಚದ ಪಕ್ಕದಲ್ಲಿ ಜೇಡರಬಲೆ ಹೊಡೆಯುವ ಕೋಲು ಒರಗಿತ್ತು. ಅದನ್ನು ಎತ್ತಿಕೊಂಡೆ. ನಗಬೇಡಿ, ನಿಜವಾಗಿ ಎತ್ತಿಕೊಂಡೆ.

'ಅಕ್ಕ, ಕೋಲು ನನ್ನ ಕೈಯಲ್ಲಿದೆ. ಮೇಲೆ ನೋಡಲ್ಲ. ನೀನು ಹೇಳು.'

ಅವಳ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಬಳೆ ಸದ್ದಾಯಿತು. ಮೂಗು ಒರೆಸಿಕೊಂಡಳೇನೋ.

'ಅಲ್ಲ ಕಣೆ,' ಎಂದಳು. 'ಅವತ್ತು ನಿಮ್ಮ ಗುಂಪಲ್ಲಿ ಅಷ್ಟೊಂದು ಕಾಗೆ ಬಂದು ಕುಕ್ಕಿದ್ವಲ್ಲ, ಕೋಲು ಹಿಡ್ಕೊಂಡು ನೀನೇನು ಮಾಡ್ತಿದ್ದೆ?'

'ಮೇಲೆ ನೋಡ್ತಿದ್ದೆ ಅಕ್ಕ.'

'ಹೂಂ,' ಎಂದಳು. ಸಂಡಿಗೆ ಕದ್ದಾಗ ಅಮ್ಮ ಎನ್ನುತ್ತಿದ್ದ ಹೂಂ ಅದು. 'ಸರಿಯಾಗಿ ತಿರುಗಿ ಕೂತ್ಕೊ. ಬೆನ್ನು ಈ ಕಡೆಗೆ.'

ಗೋಡೆಯ ಕಡೆಗೆ ತಿರುಗಿ ಕೂತೆ. ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

'ಒಂದು ಒಂಟೆ ಬರ್ತಿದೆ ಕಣೆ,' ಎಂದಳು ಅಕ್ಕ. 'ಮೇಲೆ ಅಜ್ಜ ಇಲ್ಲ. ಇಬ್ಬರು ಹುಡುಗೀರು ಕೂತಿದಾರೆ.'